134 ಡಾಲರಿನ ಮಣ್ಣು

(ಭಾನುವಾರ ಸಂಜೆ ನಮ್ಮ ಓದುಗರ ಕೂಟದಲ್ಲಿ ಮಾತಾಡಿದ್ದನ್ನು ಬರಹಕ್ಕೆ ಇಳಿಸಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನೂ ಬಿಟ್ಟಿಲ್ಲ.)

ಒಂದು ಮೆರವಣಿಗೆಯಿಂದ ಶುರು ಮಾಡುತ್ತೇನೆ. 1841ರ ಏಪ್ರಿಲ್ 17, ಅಮೆರಿಕದ ರೋಡ್ ಐಲ್ಯಾಂಡ್ ರಾಜ್ಯದ ಪ್ರಾವಿಡೆನ್ಸ್ ಪಟ್ಟಣ. ಸಾವಿರಾರು ಗಂಡಸರು ಬೀದಿಗೆ ಇಳಿದಿದ್ದಾರೆ. ಗಿರಣಿ ಕೆಲಸದವರಿದ್ದಾರೆ, ಕೈಕಸುಬಿನವರಿದ್ದಾರೆ, ಅಂಗಡಿ ಇಟ್ಟವರಿದ್ದಾರೆ. ಮೆರವಣಿಗೆ ಮುಗಿದ ಮೇಲೆ ಬಯಲಿನಲ್ಲಿ ಊಟ. ಅದಕ್ಕೆ ಒಂದು ಇಡೀ ಎತ್ತನ್ನೇ ಬೆಂಕಿಯಲ್ಲಿ ಸುಟ್ಟಿದ್ದರು.

ಊಟಕ್ಕಿಂತ ನನಗೆ ಹಿಡಿಸಿದ್ದು ಅವರ ಬ್ಯಾನರುಗಳು. ಒಂದರ ಮೇಲೆ ಹೀಗೆ ಬರೆದಿತ್ತು: ಮನುಷ್ಯನನ್ನು ಮನುಷ್ಯನಾಗಿಸುವುದು ಯೋಗ್ಯತೆ, ಮತದಾರನಾಗಿಸುವುದು ಮರಳು ಮತ್ತು ಜಲ್ಲಿ. ಇನ್ನೊಂದರ ಮೇಲೆ: ಒಂದು ಕಡೆ ಗುಣ, ದೇಶಪ್ರೇಮ, ಬುದ್ಧಿ; ಎದುರಿಗೆ 134 ಡಾಲರಿನ ಮಣ್ಣು.

ವೋಟು ಹಾಕಲು ಇರಲೇಬೇಕಿದ್ದ ಆ ಮಣ್ಣಿನ ಕಥೆಯೇ ಇವತ್ತಿನ ಮಾತು.

ರೋಡ್ ಐಲ್ಯಾಂಡ್ ಅಮೆರಿಕದ ಅತಿ ಚಿಕ್ಕ ರಾಜ್ಯ. ಹೆಚ್ಚುಕಡಿಮೆ ನಮ್ಮ ಕೊಡಗು ಜಿಲ್ಲೆಯಷ್ಟು ಅನ್ನಿ. ಅದರ ನಡುವೆ ನುಗ್ಗಿರುವ ಸಮುದ್ರವನ್ನು ಲೆಕ್ಕದಿಂದ ತೆಗೆದರೆ ಇನ್ನೂ ಚಿಕ್ಕದು. 1776ರಲ್ಲಿ ಸ್ವಾತಂತ್ರ್ಯ ಘೋಷಿಸಿದ ಮೇಲೆ ಅಲ್ಲಿನ ಬಹುಪಾಲು ರಾಜ್ಯಗಳು ಹೊಸ ಸಂವಿಧಾನ ಬರೆದುಕೊಂಡವು. ರೋಡ್ ಐಲ್ಯಾಂಡ್ ಬರೆದುಕೊಳ್ಳಲಿಲ್ಲ. 1663ರಲ್ಲಿ ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್ ಕೊಟ್ಟ ಸನ್ನದನ್ನೇ ಇಟ್ಟುಕೊಂಡಿತು. ತಮಾಷೆ ನೋಡಿ. ರಾಜನನ್ನು ಓಡಿಸಿದರು, ರಾಜನ ಕಾಗದವನ್ನು ಮಾತ್ರ ಜೋಪಾನ ಮಾಡಿದರು.

ಆ ಸನ್ನದು ಕೆಟ್ಟದ್ದಾಗಿರಲಿಲ್ಲ, ಅದನ್ನೂ ಹೇಳಬೇಕು. ಯಾರು ಯಾವ ದೇವರನ್ನು ಹೇಗೆ ಪೂಜಿಸಿದರೂ ತೊಂದರೆ ಕೊಡಬಾರದು ಎಂದು 1663ರಲ್ಲೇ ಬರೆದ ಕಾಗದ ಅದು. ಆ ಕಾಲಕ್ಕೆ ದೊಡ್ಡ ಮಾತು. ತೊಡಕು ಇದ್ದದ್ದು ಬೇರೆ ಕಡೆ. ಅದನ್ನು ತಿದ್ದುವ ದಾರಿ ಅದರೊಳಗೇ ಇರಲಿಲ್ಲ. ಮೊದಲಾದರೆ ರಾಜನನ್ನು ಕೇಳಬಹುದಿತ್ತು. ಈಗ ಯಾರನ್ನು ಕೇಳುವುದು?

ವೋಟಿನ ನಿಯಮ ಹೀಗಿತ್ತು. ನಿಮ್ಮ ಹೆಸರಿನಲ್ಲಿ 134 ಡಾಲರ್ ಬೆಲೆಯ ಜಮೀನು ಇರಬೇಕು, ಅಥವಾ ವರ್ಷಕ್ಕೆ 7 ಡಾಲರ್ ಬಾಡಿಗೆ ಹುಟ್ಟುವ ಆಸ್ತಿ ಇರಬೇಕು. ನಮ್ಮ ಮಾತಿನಲ್ಲಿ ಹೇಳುವುದಾದರೆ ಪಹಣಿಯಲ್ಲಿ ಹೆಸರು ಇರಬೇಕು. ಬ್ಯಾಂಕಿನಲ್ಲಿ ಎಷ್ಟೇ ದುಡ್ಡಿರಲಿ, ಅಂಗಡಿಯಲ್ಲಿ ಎಷ್ಟೇ ಸರಕಿರಲಿ, ಲೆಕ್ಕಕ್ಕಿಲ್ಲ. ಇನ್ನೊಂದು ವಿಚಿತ್ರ: ಜಮೀನುದಾರನ ಹಿರಿಯ ಮಗನಿಗೂ ವೋಟು ಸಿಗುತ್ತಿತ್ತು. ಎರಡನೆಯವನಿಗೆ ಇಲ್ಲ. ಒಂದೇ ಮನೆಯಲ್ಲಿ ಅಣ್ಣ ಮತದಾರ, ತಮ್ಮ ಸುಮ್ನೆ ನೋಡುಗ.

ವೋಟು ಇಲ್ಲದವನಿಗೆ ಕೋರ್ಟು ಕೂಡ ದೂರವೇ. ಯಾರಾದರೂ ನಿಮಗೆ ಸಾಲ ತೀರಿಸಬೇಕು ಅನ್ನಿ. ದಾವೆ ಹಾಕಲು ಜಮೀನು ಇರುವ ಒಬ್ಬರ ಸಹಿ ತರಬೇಕಿತ್ತು. ಜ್ಯೂರಿಯಲ್ಲಿ ಕೂರುವ ಹಾಗಿರಲಿಲ್ಲ. ಆದರೆ ಬಂದೂಕು ಹಿಡಿದು ನಾಡಪಡೆಯಲ್ಲಿ ಕವಾಯತು ಮಾಡಲು ಮಾತ್ರ ಬರಲೇಬೇಕು!

ಎಲ್ಲರೂ ಬೇಸಾಯ ಮಾಡುತ್ತಿದ್ದ ಕಾಲದಲ್ಲಿ ಈ ನಿಯಮ ಯಾರನ್ನೂ ಅಷ್ಟಾಗಿ ಚುಚ್ಚಲಿಲ್ಲ. ಹೆಚ್ಚಿನವರ ಹತ್ತಿರ ಒಂದಿಷ್ಟು ಭೂಮಿ ಇತ್ತು. ಅದನ್ನು ಬದಲಿಸಿದ್ದು ನೀರು. 1790ರಲ್ಲಿ ಪಾಟಕೆಟ್ ಊರಿನ ನದಿಯ ದಡದಲ್ಲಿ ಸ್ಯಾಮ್ಯುಯೆಲ್ ಸ್ಲೇಟರ್ ನೀರಿನ ಬಲದಿಂದ ಹತ್ತಿ ನೂಲುವ ಯಂತ್ರ ಓಡಿಸಿದ. ಮುಂದಿನ ಐವತ್ತು ವರ್ಷದಲ್ಲಿ ನದಿಗಳ ಉದ್ದಕ್ಕೂ ಗಿರಣಿಗಳು ಎದ್ದವು. ಹಳ್ಳಿಯ ಕಿರಿಯ ಮಕ್ಕಳು ಬಂದರು, ಐರ್ಲೆಂಡಿನಿಂದ ಜನ ಬಂದರು. ಇವರು ಬಾಡಿಗೆ ಮನೆಯವರು, ಕೂಲಿಯವರು. ಭೂಮಿ ಎಲ್ಲಿಂದ ಬರಬೇಕು? 1840ರ ಹೊತ್ತಿಗೆ ವಯಸ್ಸಿಗೆ ಬಂದ ಬಿಳಿಯ ಗಂಡಸರಲ್ಲೇ ಅರ್ಧಕ್ಕಿಂತ ಜಾಸ್ತಿ ಮಂದಿಗೆ ವೋಟು ಇರಲಿಲ್ಲ. ಕಪ್ಪು ಜನರಿಗೆ ಭೂಮಿ ಇದ್ದರೂ ಇಲ್ಲ. 1822ರಲ್ಲಿ ಕಾನೂನು ಮಾಡಿಯೇ ಅವರನ್ನು ಹೊರಗಿಟ್ಟಿದ್ದರು.

ಸೀಟು ಹಂಚಿಕೆಯೂ ಹಳೆಯದೇ. ಸನ್ನದಿನಲ್ಲಿ ನ್ಯೂಪೋರ್ಟಿಗೆ ಆರು ಸೀಟು, ಪ್ರಾವಿಡೆನ್ಸಿಗೆ ನಾಲ್ಕು ಎಂದು ಬರೆದಿತ್ತು. 1840ರಲ್ಲಿ ಪ್ರಾವಿಡೆನ್ಸಿನಲ್ಲಿ 23,000 ಜನ, ನ್ಯೂಪೋರ್ಟಿನಲ್ಲಿ 8,000ದ ಆಸುಪಾಸು. ಸೀಟು ಮಾತ್ರ ಅಷ್ಟೇ.

ಇದರ ವಿರುದ್ಧ ಮೊದಮೊದಲು ಜೋರಾಗಿ ಕೂಗಿದವರಲ್ಲಿ ಸೇತ್ ಲೂಥರ್ ಎಂಬ ಬಡಗಿ ಒಬ್ಬ. 1833ರಲ್ಲಿ ಅವನು ಮತದಾನದ ಹಕ್ಕಿನ ಬಗ್ಗೆ ಮಾಡಿದ ಭಾಷಣ ಅಚ್ಚಾಗಿ ಹರಡಿತು. ಆದರೆ ಚಳವಳಿಗೆ ಹೆಸರು ಬಂದದ್ದು ಇನ್ನೊಬ್ಬನಿಂದ. ಅವನು ಥಾಮಸ್ ವಿಲ್ಸನ್ ಡಾರ್.

ಡಾರ್ ಬಡವನಲ್ಲ. ಅಪ್ಪ ಸಲಿವನ್ ಡಾರ್ ಚೀನಾ ವ್ಯಾಪಾರದಲ್ಲಿ ದುಡ್ಡು ಮಾಡಿದ ಸಾಹುಕಾರ. ಮಗ 1805ರಲ್ಲಿ ಹುಟ್ಟಿದ, ಹಾರ್ವರ್ಡಿನಲ್ಲಿ ಓದಿದ, ನ್ಯೂಯಾರ್ಕಿನಲ್ಲಿ ಕಾನೂನು ಕಲಿತ, ಶಾಸನಸಭೆಗೂ ಹೋಗಿ ಬಂದ. ಅಲ್ಲಿ ಸನ್ನದು ಬದಲಿಸುವ ಮಾತೆತ್ತಿ ಸೋತ. ಶಾಸನಸಭೆಯೊಳಗಿನಿಂದ ಇದು ಆಗುವುದಿಲ್ಲ ಎಂಬುದು ಅವನಿಗೆ ಗೊತ್ತಾದದ್ದು ಹೀಗೆ. ವೋಟು ಇದ್ದವರೇ ಆರಿಸಿದ ಸಭೆ, ವೋಟು ಇಲ್ಲದವರಿಗೆ ಯಾಕೆ ಕೊಟ್ಟೀತು?

1840ರಲ್ಲಿ ಮತದಾನದ ಹಕ್ಕಿಗಾಗಿ ಒಂದು ಸಂಘ ಹುಟ್ಟಿತು. ಮುಂದಿನ ವರ್ಷದ ಮೆರವಣಿಗೆ ಅದರದ್ದೇ. ಆಮೇಲೆ ಅವರು ಮಾಡಿದ್ದು ಸಾಮಾನ್ಯ ಕೆಲಸವಲ್ಲ. ಸರ್ಕಾರದ ಅನುಮತಿ ಕೇಳದೆ ತಾವೇ ಪ್ರತಿನಿಧಿಗಳನ್ನು ಆರಿಸಿದರು, 1841ರ ಅಕ್ಟೋಬರಿನಲ್ಲಿ ಸಭೆ ಸೇರಿಸಿ ಸಂವಿಧಾನ ಬರೆದರು. ಅದಕ್ಕೆ 'ಜನರ ಸಂವಿಧಾನ' ಎಂದು ಹೆಸರು. ಡಿಸೆಂಬರ್ 27ರಿಂದ ಮೂರು ದಿನ ವೋಟು ಹಾಕಿಸಿದರು. ಭೂಮಿ ಇರಲಿ, ಇಲ್ಲದಿರಲಿ. ಪರವಾಗಿ 13,944 ವೋಟು, ವಿರುದ್ಧ 52.

ಈ 52 ಮಂದಿಯ ಬಗ್ಗೆ ನನಗೆ ಯಾವಾಗಲೂ ಕುತೂಹಲ. ಯಾಕೆಂದರೆ ನಿಜವಾದ ವಿರೋಧಿಗಳು ಬೂತಿನ ಹತ್ತಿರ ಸುಳಿಯಲೇ ಇಲ್ಲ. ಹೋದರೆ ಆ ಚುನಾವಣೆಯನ್ನು ಒಪ್ಪಿಕೊಂಡ ಹಾಗೆ ಅಲ್ವಾ?

ಡಾರ್‌ನ ವಾದ ಸರಳ. 1776ರಲ್ಲಿ ನಮ್ಮ ಅಜ್ಜಂದಿರು ರಾಜನ ಒಪ್ಪಿಗೆ ತೆಗೆದುಕೊಂಡು ಸ್ವತಂತ್ರರಾದರಾ? ಇಲ್ಲ. ಜನರಿಗೆ ತಮ್ಮ ಸರ್ಕಾರವನ್ನು ಬದಲಿಸುವ ಹಕ್ಕಿದೆ ಎಂದರು, ಬದಲಿಸಿದರು. ಈಗ ರಾಜ್ಯದ ವಯಸ್ಕ ಗಂಡಸರಲ್ಲಿ ಹೆಚ್ಚಿನವರು ಹೂಂ ಅಂದಿದ್ದಾರೆ. ಇನ್ನೇನು ಬೇಕು? ಎದುರಿನವರ ಉತ್ತರವೂ ಸರಳ: ಯಾರೋ ನಾಲ್ಕು ಜನ ಬಯಲಿನಲ್ಲಿ ಸೇರಿ ವೋಟು ಹಾಕಿಬಿಟ್ಟರೆ ಅದು ಕಾನೂನು ಆಗುವುದಾದರೆ, ನಾಳೆ ಇನ್ನು ನಾಲ್ಕು ಜನ ಸೇರಿ ಅದನ್ನೂ ಕಿತ್ತುಹಾಕುತ್ತಾರೆ. ಎರಡರಲ್ಲೂ ಹುರುಳಿದೆ. ನಾನು ಡಾರ್ ಕಡೆಯವನು, ಮುಚ್ಚಿಡುವುದಿಲ್ಲ. ಆದರೆ ಅವನ ಕಡೆಯವರು ಒಂದು ಕಡೆ ಬಲವಾಗಿ ಎಡವಿದರು. ಇವತ್ತು ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಅದನ್ನೇ.

ಜನರ ಸಂವಿಧಾನದಲ್ಲಿ ಮತದಾರ ಯಾರು ಎನ್ನುವಲ್ಲಿ ಒಂದು ಪದ ಇತ್ತು. 'ಬಿಳಿಯ'.

ಅಕ್ಟೋಬರಿನ ಸಭೆ ನಡೆಯುತ್ತಿದ್ದಾಗ ಪ್ರಾವಿಡೆನ್ಸಿನ ಕಪ್ಪು ಜನ ಮನವಿ ಬರೆದು ತಂದರು. ಅವರ ಪರವಾಗಿ ಮುಂದೆ ನಿಂತವನು ಅಲೆಕ್ಸಾಂಡರ್ ಕ್ರಮೆಲ್, ಅಲ್ಲಿನ ಚರ್ಚಿನಲ್ಲಿದ್ದ ಕಪ್ಪು ಯುವಕ. ನೀವು ಮನುಷ್ಯರ ಹಕ್ಕು ಅನ್ನುತ್ತೀರಿ, ನಾವು ಮನುಷ್ಯರಲ್ಲವೇ ಎಂಬುದು ಅದರ ತಿರುಳು. ಡಾರ್ ಆ ಪದ ತೆಗೆಯೋಣ ಎಂದು ವಾದಿಸಿದ. ಸೋತ. ಮೊದಲು ಸಂವಿಧಾನ ಪಾಸಾಗಲಿ, ಆಮೇಲೆ ಈ ಪದದ ಬಗ್ಗೆ ಬೇರೆ ವೋಟು ಹಾಕಿಸೋಣ ಎಂದು ಸಭೆ ತೇಪೆ ಹಚ್ಚಿತು. ಆಮೇಲೆ ನೋಡೋಣ! ಈ ಮಾತನ್ನು ಎಷ್ಟು ಜನ ಎಷ್ಟು ಸಲ ಕೇಳಿಸಿಕೊಂಡಿದ್ದಾರೋ.

ಗುಲಾಮಗಿರಿಯ ವಿರೋಧಿಗಳು ಸುಮ್ಮನೆ ಕೂರಲಿಲ್ಲ. ಆ ಡಿಸೆಂಬರಿನಲ್ಲಿ ರೋಡ್ ಐಲ್ಯಾಂಡಿನ ಊರೂರು ತಿರುಗಿ, 'ಬಿಳಿಯ' ಎಂಬ ಪದ ಇರುವ ಈ ಸಂವಿಧಾನ ಬೇಡ ಎಂದು ಭಾಷಣ ಮಾಡಿದರು. ಅವರಲ್ಲಿ ಒಬ್ಬ ಫ್ರೆಡರಿಕ್ ಡಗ್ಲಸ್. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಆಗ ಮೂರು ವರ್ಷ; ವೇದಿಕೆ ಹತ್ತಿ ಮಾತಾಡಲು ಶುರು ಮಾಡಿ ಕೆಲವೇ ತಿಂಗಳು. ಜೊತೆಗೆ ಆ್ಯಬಿ ಕೆಲ್ಲಿ ಎಂಬ ಹೆಣ್ಣುಮಗಳು. ಅವರ ಸಭೆಗಳಿಗೆ ಗುಂಪು ನುಗ್ಗಿ ಗಲಾಟೆ ಮಾಡಿತು. ಎಲ್ಲರಿಗೂ ವೋಟು ಬೇಕು ಎಂದು ಕೂಗುವವರ ಕಡೆಯ ಗುಂಪು ಅದು.

ಇಷ್ಟು ಹೇಳುವಾಗ ಒಬ್ಬರು ಕೈ ಎತ್ತಿ ಕೇಳಿದರು: ಹಾಗಾದರೆ ಕಪ್ಪು ಜನ ಯಾರ ಕಡೆ ಹೋದರು? ಆ ಪ್ರಶ್ನೆ ಬರಲಿ ಎಂದೇ ಕಾಯುತ್ತಿದ್ದೆ. ಆದರೆ ಅದಕ್ಕೆ ಮೊದಲು 1842ರ ಆರು ತಿಂಗಳ ಗಲಾಟೆಯನ್ನು ದಾಟಬೇಕು.

ಹಳೆಯ ಸರ್ಕಾರ ಹೆದರಿತು. ತಾನೂ ಒಂದು ಸಂವಿಧಾನ ಬರೆದು ಮಾರ್ಚಿನಲ್ಲಿ ವೋಟಿಗೆ ಹಾಕಿತು. ಅದು 676 ವೋಟಿನಿಂದ ಸೋತಿತು. ಆಗ ಏಪ್ರಿಲಿನಲ್ಲಿ ಕಾನೂನು ತಂದಿತು: ಈ 'ಜನರ ಚುನಾವಣೆ'ಯಲ್ಲಿ ನಿಂತರೆ ಜೈಲು, ಅಧಿಕಾರ ವಹಿಸಿಕೊಂಡರೆ ರಾಜದ್ರೋಹ, ಜೀವಾವಧಿ. ಜನ ಅದನ್ನು ಆಲ್ಜೀರ್ಸ್ ಕಾನೂನು ಎಂದು ಕರೆದರು. ಅಮೆರಿಕದ ನಾವಿಕರನ್ನು ಹಿಡಿದು ಗುಲಾಮರನ್ನಾಗಿ ಮಾಡುತ್ತಿದ್ದ, ಉತ್ತರ ಆಫ್ರಿಕಾದ ಆಲ್ಜೀರ್ಸಿನ ದೊರೆಗಳ ನೆನಪಿಗೆ.

ಅದೇ ತಿಂಗಳು ಎರಡು ದಿನದ ಅಂತರದಲ್ಲಿ ಎರಡು ಚುನಾವಣೆ. 18ರಂದು ಜನರ ಸಂವಿಧಾನದಂತೆ ಡಾರ್ ಗವರ್ನರ್. 20ರಂದು ಸನ್ನದಿನಂತೆ ಸ್ಯಾಮ್ಯುಯೆಲ್ ವಾರ್ಡ್ ಕಿಂಗ್ ಗವರ್ನರ್. ಮೇ 3ರಂದು ಡಾರ್ ದೊಡ್ಡ ಮೆರವಣಿಗೆಯಲ್ಲಿ ಬಂದು ಅಧಿಕಾರ ವಹಿಸಿಕೊಂಡ. ಆದರೆ ಶಾಸನಸಭೆಯ ಕಟ್ಟಡಕ್ಕೆ ಬೀಗ. ಬೀಗ ಒಡೆಯುವುದು ಬೇಡ ಎಂದು ಅವನ ಕಡೆಯವರು ಹಿಂಜರಿದರು. ಇನ್ನೂ ಪೂರ್ತಿ ಕಟ್ಟಿರದ ಒಂದು ಎರಕದ ಕಾರ್ಖಾನೆಯಲ್ಲಿ ಎರಡು ದಿನ ಕುಳಿತು ಮನೆಗೆ ಹೋದರು. ಆ ದಿನ ಕಟ್ಟಡ ಹಿಡಿಯದೇ ಇದ್ದದ್ದು ತಪ್ಪಾಯಿತು ಎಂದು ಡಾರ್ ಆಮೇಲೆ ಕೊರಗಿದ. ನಿಜ ಇರಬಹುದು. ಖಜಾನೆ, ಕಾಗದಪತ್ರ, ಕೋರ್ಟು ಎಲ್ಲವೂ ಇನ್ನೊಬ್ಬನ ಕೈಯಲ್ಲಿ. ಗವರ್ನರ್ ಅನ್ನುವ ಹೆಸರು ಮಾತ್ರ ಇವನಿಗೆ.

ಡಾರ್ ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷ ಜಾನ್ ಟೈಲರ್‌ನನ್ನು ಕಂಡ. ಕೆಲಸ ಆಗಲಿಲ್ಲ. ನ್ಯೂಯಾರ್ಕಿನಲ್ಲಿ ಡೆಮಾಕ್ರಾಟ್ ಪಕ್ಷದವರು ಬೆನ್ನು ತಟ್ಟಿದರು. ಆ ಹುರುಪಿನಲ್ಲೇ ವಾಪಸ್ ಬಂದವನ ಸೊಂಟದಲ್ಲಿ ಈಗ ಕತ್ತಿ.

ಮೇ 17ರ ರಾತ್ರಿ. ಇನ್ನೂರು ಚಿಲ್ಲರೆ ಜನ, ಎರಡು ಹಳೆಯ ಫಿರಂಗಿ. ಪ್ರಾವಿಡೆನ್ಸಿನ ಆಯುಧಾಗಾರದ ಮುಂದೆ ಹೋಗಿ ನಿಂತರು. ದಟ್ಟ ಮಂಜು. ಶರಣಾಗಿ ಎಂದು ಹೇಳಿಕಳುಹಿಸಿದರೆ ಒಳಗಿನವರು ಆಗಲ್ಲ ಎಂದರು. ಒಳಗೆ ಕಾವಲಿಗೆ ನಿಂತಿದ್ದವರು ಯಾರು ಗೊತ್ತಾ? ಡಾರ್‌ನ ಅಪ್ಪ. ಅವನ ತಮ್ಮ. ಅವನ ಮಾವ. ಅವರು ಒಳಗಿದ್ದಾರೆ ಎಂದು ಗೊತ್ತಿದ್ದೂ ಡಾರ್ ಫಿರಂಗಿ ಹಾರಿಸಲು ಹೇಳಿದ.

ಬತ್ತಿ ಹಚ್ಚಿದರು. ಫಕ್ಕನೆ ಬೆಳಕು ಬಂತು. ಗುಂಡು ಹಾರಲಿಲ್ಲ. ಇನ್ನೊಮ್ಮೆ ಹಚ್ಚಿದರು, ಆಗಲೂ ಇಲ್ಲ. ಮಂಜಿನಲ್ಲಿ ಒಬ್ಬೊಬ್ಬರೇ ಕರಗಿದರು. ಬೆಳಗಾಗುವಷ್ಟರಲ್ಲಿ ಗವರ್ನರ್ ಡಾರ್‌ನ ಸುತ್ತ ಬೆರಳೆಣಿಕೆಯ ಜನ. ಅವನು ರಾಜ್ಯದ ಗಡಿ ದಾಟಿ ಓಡಿದ.

ಈ ದೃಶ್ಯವನ್ನು ಎಷ್ಟೋ ಜನ ನಗೆಪಾಟಲಿಗೆ ಬಳಸಿದ್ದಾರೆ. ನನಗೆ ನಗು ಬರುವುದಿಲ್ಲ. ಅವತ್ತು ಆ ಫಿರಂಗಿ ಹಾರಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಗೋಡೆಯ ಆಚೆ ಹೆತ್ತ ಅಪ್ಪ.

ಜೂನ್ ಕೊನೆಗೆ ಡಾರ್ ಮತ್ತೆ ಬಂದ. ಈ ಸಲ ಚೆಪಾಚೆಟ್ ಎಂಬ ಹಳ್ಳಿಗೆ. ಅಲ್ಲಿನ ಏಕೋಟ್ ಗುಡ್ಡದ ಮೇಲೆ ಮಣ್ಣಿನ ಕೋಟೆ ಕಟ್ಟಿ ತನ್ನ ಶಾಸನಸಭೆಯನ್ನು ಅಲ್ಲಿಗೇ ಕರೆದ. ಬಂದವರು ಕೆಲವು ನೂರು ಜನ. ಅಷ್ಟರಲ್ಲಿ ಹಳೆಯ ಸರ್ಕಾರ ತಾನೇ ಹೊಸದಾಗಿ ಸಂವಿಧಾನ ಸಭೆ ಕರೆಯುವುದಾಗಿ ಹೇಳಿ ಅರ್ಧ ಗಾಳಿ ತೆಗೆದಿತ್ತು; ಇನ್ನರ್ಧ ತೆಗೆಯಲು ಸೇನಾಡಳಿತ ಘೋಷಿಸಿ ಎರಡು ಸಾವಿರಕ್ಕೂ ಹೆಚ್ಚು ಸಿಪಾಯಿಗಳನ್ನು ಕಳುಹಿಸಿತು. 27ರಂದು ಡಾರ್ ತನ್ನವರನ್ನೆಲ್ಲ ಮನೆಗೆ ಹೋಗಿ ಎಂದ. ಮಾರನೆಯ ದಿನ ಸಿಪಾಯಿಗಳು ಹತ್ತಿದ್ದು ಖಾಲಿ ಗುಡ್ಡ. ಆ ಸಿಟ್ಟಿಗೋ ಏನೋ, ಕೈಗೆ ಸಿಕ್ಕವರನ್ನೆಲ್ಲ ಹಗ್ಗದಲ್ಲಿ ಕಟ್ಟಿ ಪ್ರಾವಿಡೆನ್ಸಿನವರೆಗೆ ನಡೆಸಿದರು.

ಈಗ ಆ ಪ್ರಶ್ನೆಗೆ ಬರುತ್ತೇನೆ. ಆ ವಾರಗಳಲ್ಲಿ ಪ್ರಾವಿಡೆನ್ಸಿನ ಬೀದಿಗಳಲ್ಲಿ ರಾತ್ರಿ ಗಸ್ತು ತಿರುಗಿದವರಲ್ಲಿ ಇನ್ನೂರರಷ್ಟು ಕಪ್ಪು ಗಂಡಸರಿದ್ದರು. ಹಳೆಯ ಸರ್ಕಾರದ ಪರ. ಸಾಹುಕಾರರ ಪರ. ಮೇಲ್ನೋಟಕ್ಕೆ ಇದು ವಿಚಿತ್ರ. ಸ್ವಲ್ಪ ಹಿಂದೆ ಹೋದರೆ ವಿಚಿತ್ರವಲ್ಲ. 1824ರಲ್ಲಿ ಮತ್ತು 1831ರಲ್ಲಿ ಇದೇ ಪ್ರಾವಿಡೆನ್ಸಿನಲ್ಲಿ ಬಿಳಿಯರ ಗುಂಪುಗಳು ಕಪ್ಪು ಜನರ ಕೇರಿಗೆ ನುಗ್ಗಿ ಮನೆಗಳನ್ನು ಕೆಡವಿದ್ದವು. ಬಿಳಿಯ ಗುಂಪು ಬೀದಿಗೆ ಬಂದರೆ ತಮ್ಮ ಗೋಡೆ ಬೀಳುತ್ತದೆ ಎಂಬುದು ಅವರ ಅನುಭವ. ಆ ಗುಂಪಿನ ಕೈಯಲ್ಲಿ ಈಗ ಒಂದು ಸಂವಿಧಾನವೂ ಇತ್ತು. ಅದರಲ್ಲಿ 'ಬಿಳಿಯ' ಎಂದು ಬರೆದಿತ್ತು.

ಹಳೆಯ ಸರ್ಕಾರ ಈ ಉಪಕಾರಕ್ಕೆ ಬೆಲೆ ಕೊಟ್ಟಿತು. 1842ರ ನವೆಂಬರಿನಲ್ಲಿ ಹೊಸ ಸಂವಿಧಾನ ವೋಟಿಗೆ ಬಂದಾಗ, 'ಬಿಳಿಯ' ಪದ ಬೇಕೇ ಬೇಡವೇ ಎಂದೂ ಕೇಳಿದರು. ಬೇಡ ಎಂಬುದೇ ಗೆದ್ದಿತು. ದೇಶದ ಬೇರೆ ಕಡೆಗಳಲ್ಲಿ ಕಪ್ಪು ಜನರ ವೋಟು ಕಿತ್ತುಕೊಳ್ಳುತ್ತಿದ್ದ ಕಾಲದಲ್ಲಿ ರೋಡ್ ಐಲ್ಯಾಂಡ್ ಅದನ್ನು ವಾಪಸ್ ಕೊಟ್ಟಿತು. ಕೊಟ್ಟವರು ಹಕ್ಕಿನ ಬಗ್ಗೆ ಭಾಷಣ ಮಾಡಿದವರಲ್ಲ. ಹಕ್ಕು ಕೊಡಬಾರದು ಎಂದು ಐವತ್ತು ವರ್ಷ ಹಟ ಹಿಡಿದವರು! ಅವರಿಗೆ ಒಮ್ಮಿಂದೊಮ್ಮೆ ಮನಸ್ಸು ಕರಗಿತು ಎಂದು ನಾನು ನಂಬುವುದಿಲ್ಲ. ಲೆಕ್ಕ ಹಾಕಿಯೇ ಕೊಟ್ಟರು. ಆದರೂ ವೋಟು ಹಾಕುವವನಿಗೆ ಅದು ವೋಟೇ ತಾನೇ.

ಇದರ ಇನ್ನೊಂದು ಮುಖ ಐರಿಷ್ ಕೂಲಿಗಳದ್ದು. ಹೊಸ ಸಂವಿಧಾನ ಅಮೆರಿಕದಲ್ಲೇ ಹುಟ್ಟಿದವರಿಗೆ ಬಾಗಿಲು ತೆರೆಯಿತು. ಒಂದು ಡಾಲರ್ ತೆರಿಗೆ ಕಟ್ಟಿದರೆ, ಇಲ್ಲವೇ ನಾಡಪಡೆಯಲ್ಲಿ ಸೇವೆ ಮಾಡಿದರೆ ಸಾಕು. ಹೊರದೇಶದಲ್ಲಿ ಹುಟ್ಟಿ ಪೌರತ್ವ ಪಡೆದವರಿಗೆ ಮಾತ್ರ ಹಳೆಯ ನಿಯಮವೇ ಗಟ್ಟಿ. 134 ಡಾಲರಿನ ಭೂಮಿ ತೋರಿಸು. ಐರಿಷರು ಕ್ಯಾಥೊಲಿಕರು, ಅವರಿಗೆ ವೋಟು ಕೊಟ್ಟರೆ ರಾಜ್ಯ ಪೋಪನ ಕೈಗೆ ಹೋಗುತ್ತದೆ ಎಂಬ ಭಯವನ್ನು ಬಿತ್ತಿಯೇ ಡಾರ್ ಕಡೆಯವರನ್ನು ಒಡೆದಿದ್ದರು. ಒಬ್ಬರನ್ನು ಒಳಗೆ ಕರೆದು ಇನ್ನೊಬ್ಬರನ್ನು ಹೊರಗೆ ನಿಲ್ಲಿಸುವ ಆಟ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು: ಇಷ್ಟೆಲ್ಲ ಗಂಡಸರ ಕಥೆಯೇ ಆಯಿತಲ್ಲ ಸರ್, ಹೆಂಗಸರು ಎಲ್ಲಿದ್ದರು?

ಇದ್ದರು. ಗಂಡಸರು ಜೈಲಿನಲ್ಲೋ ತಲೆ ಮರೆಸಿಕೊಂಡೋ ಇದ್ದಾಗ ಚಳವಳಿಯನ್ನು ಉಳಿಸಿದವರೇ ಅವರು. ಕ್ಯಾಥರೀನ್ ವಿಲಿಯಮ್ಸ್ ಎಂಬ ಲೇಖಕಿ, ಆ್ಯನ್ ಪಾರ್ಲಿನ್ ಎಂಬಾಕೆ, ಇವರೆಲ್ಲ ಸಂಘ ಕಟ್ಟಿದರು, ಕೈದಿಗಳಿಗೆ ದುಡ್ಡು ಎತ್ತಿದರು, ಡಾರ್‌ಗೆ ಕಾಗದ ಬರೆದರು. ಅವರ ಒಂದು ಉಪಾಯ ನನಗೆ ಬಹಳ ಇಷ್ಟ. ಆ ಕಡೆ ಸಮುದ್ರ ತೀರದಲ್ಲಿ ಕಲ್ಲುಗಳನ್ನು ಕೆಂಡದಂತೆ ಕಾಯಿಸಿ, ಮೇಲೆ ಹಸಿ ಕಡಲಪಾಚಿ ಹರಡಿ, ಮರುವಾಯಿ ಸುರಿದು, ಮುಚ್ಚಿ ಹಬೆಯಲ್ಲಿ ಬೇಯಿಸುತ್ತಾರೆ. ನಮ್ಮ ಕರಾವಳಿಯವರಿಗೆ ಮರುವಾಯಿ ಎಂದರೆ ಗೊತ್ತು, ಘಟ್ಟದ ಮೇಲಿನವರಿಗೆ ಚಿಪ್ಪಿನೊಳಗಿನ ಮಾಂಸ ಎಂದು ಹೇಳಬೇಕು. ಸೇನಾಡಳಿತದಲ್ಲಿ ರಾಜಕೀಯ ಸಭೆ ಕಷ್ಟ. ಊಟಕ್ಕೆ ಕರೆದರೆ? ಮರುವಾಯಿ ಊಟದ ಹೆಸರಿನಲ್ಲಿ ಸಾವಿರಾರು ಜನ ಸೇರಿದರು. ಅಷ್ಟೆಲ್ಲ ದುಡಿದ ಈ ಹೆಂಗಸರಿಗೆ ವೋಟು ಎಂಬ ಮಾತು ಮಾತ್ರ 1841-42ರಲ್ಲಿ ಬರೆದ ಮೂರು ಸಂವಿಧಾನಗಳಲ್ಲಿ ಒಂದರಲ್ಲೂ ಇಲ್ಲ.

ಕೋರ್ಟಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ವಾರೆನ್ ಊರಿನಲ್ಲಿ ಮಾರ್ಟಿನ್ ಲೂಥರ್ ಎಂಬ ಚಮ್ಮಾರ ಇದ್ದ. ಜರ್ಮನಿಯ ಧರ್ಮಗುರುವೂ ಅಲ್ಲ, ನಮ್ಮ ಬಡಗಿ ಸೇತ್ ಲೂಥರನೂ ಅಲ್ಲ. ಜನರ ಚುನಾವಣೆ ನಡೆಸಿಕೊಟ್ಟ ತಪ್ಪಿಗೆ ಅವನನ್ನು ಹಿಡಿಯಲು ಸಿಪಾಯಿಗಳು ರಾತ್ರಿ ಮನೆಗೆ ನುಗ್ಗಿದರು. ಅವನು ಇರಲಿಲ್ಲ, ವಯಸ್ಸಾದ ತಾಯಿ ಇದ್ದಳು. ನುಗ್ಗಿದವರಲ್ಲಿ ಒಬ್ಬನ ಹೆಸರು, ಕೇಳಿ, ಲೂಥರ್ ಬಾರ್ಡನ್! ನನ್ನ ಮನೆಗೆ ಅತಿಕ್ರಮಣ ಮಾಡಿದ ಎಂದು ಮಾರ್ಟಿನ್ ದಾವೆ ಹಾಕಿದ. ಪ್ರಶ್ನೆ ಚಿಕ್ಕದು: ಆ ರಾತ್ರಿ ಕಾನೂನಿನ ಸರ್ಕಾರ ಯಾವುದು? ಡಾರ್‌ನದ್ದಾದರೆ ನುಗ್ಗಿದವನು ಅಪರಾಧಿ, ಕಿಂಗ್‌ನದ್ದಾದರೆ ಅಲ್ಲ. ದಾವೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1849ರಲ್ಲಿ ಮುಖ್ಯ ನ್ಯಾಯಾಧೀಶ ರೋಜರ್ ಟೇನಿ ಹೇಳಿದ: ಯಾವ ಸರ್ಕಾರ ಸರಿಯಾದದ್ದು ಎಂಬುದು ರಾಜಕೀಯ ಪ್ರಶ್ನೆ, ಅದನ್ನು ಸಂಸತ್ತು ಮತ್ತು ಅಧ್ಯಕ್ಷರು ನೋಡಿಕೊಳ್ಳಬೇಕು, ಕೋರ್ಟಿನ ಕೆಲಸವಲ್ಲ. ಇವತ್ತಿಗೂ ಅಲ್ಲಿನ ಕಾನೂನು ವಿದ್ಯಾರ್ಥಿಗಳು ಓದುವ ತೀರ್ಪು ಅದು. ಬಾಗಿಲು ಮುರಿದುಕೊಂಡ ಚಮ್ಮಾರನಿಗೆ ಅದರಿಂದ ಏನೂ ಸಿಗಲಿಲ್ಲ.

ಡಾರ್ 1843ರ ಅಕ್ಟೋಬರಿನಲ್ಲಿ ತಾನಾಗಿಯೇ ಪ್ರಾವಿಡೆನ್ಸಿಗೆ ಬಂದ, ಬಂಧನವಾಯಿತು. ಮುಂದಿನ ವರ್ಷ ವಿಚಾರಣೆ ನಡೆದದ್ದು ತನ್ನ ಜನ ಇದ್ದ ಪ್ರಾವಿಡೆನ್ಸಿನಲ್ಲಿ ಅಲ್ಲ, ವಿರೋಧಿಗಳೇ ತುಂಬಿದ್ದ ನ್ಯೂಪೋರ್ಟಿನಲ್ಲಿ. ತೀರ್ಪು ರಾಜದ್ರೋಹ. ಜೀವಾವಧಿ, ಒಂಟಿ ಕೋಣೆ, ಕಠಿಣ ದುಡಿಮೆ. ಆ ಕಠಿಣ ದುಡಿಮೆ ಏನೆಂದರೆ ಬೀಸಣಿಗೆಗಳಿಗೆ ಬಣ್ಣ ಹಚ್ಚುವುದು. ಹಾರ್ವರ್ಡಿನಲ್ಲಿ ಓದಿದ ವಕೀಲ, ಎರಡು ತಿಂಗಳ ಗವರ್ನರ್, ಜೈಲಿನಲ್ಲಿ ಬೀಸಣಿಗೆಗೆ ಬಣ್ಣ ಬಳಿಯುತ್ತಾ ಕುಳಿತ. ಅವನನ್ನು ಬಿಡಿಸಬೇಕು ಎಂಬುದೇ ರಾಜ್ಯದ ಚುನಾವಣೆಯ ವಿಷಯವಾಯಿತು, ಬಿಡಿಸುತ್ತೇವೆ ಎಂದವರು ಗೆದ್ದರು. 1845ರ ಜೂನಿನಲ್ಲಿ ಹೊರಬಂದಾಗ ಮೈ ಸೋತಿತ್ತು. 1854ರಲ್ಲಿ ಶಾಸನಸಭೆ ಅವನ ಶಿಕ್ಷೆಯನ್ನೇ ರದ್ದು ಮಾಡಿತು. ಕೋರ್ಟು ಅದು ನಿಮ್ಮ ಅಧಿಕಾರವಲ್ಲ ಎಂದಿತು. ಅದೇ ವರ್ಷ ಡಿಸೆಂಬರ್ 27ರಂದು ಅವನು ತೀರಿಕೊಂಡ. 49 ವರ್ಷ. ಜನರ ಸಂವಿಧಾನಕ್ಕೆ ವೋಟು ಹಾಕಲು ಶುರು ಮಾಡಿದ್ದೂ ಡಿಸೆಂಬರ್ 27ರಂದೇ, 13 ವರ್ಷ ಹಿಂದೆ.

ಕೊನೆಗೆ ಹಿರಿಯರೊಬ್ಬರು ಕೇಳಿದರು: ಅವನು ಕತ್ತಿ ಹಿಡಿಯದೆ ಕಾದಿದ್ದರೆ ಆಗುತ್ತಿರಲಿಲ್ಲವೇ? ಕತ್ತಿ ಹಿಡಿದದ್ದು ತಪ್ಪು ಎಂದೇ ನನಗೂ ಅನ್ನಿಸುತ್ತದೆ ಎಂದೆ. ಆದರೆ ಕಾಯುವುದು ಎಂದರೆ ಎಷ್ಟು? ಗಲಾಟೆ ಆದಮೇಲೂ ರೋಡ್ ಐಲ್ಯಾಂಡಿನ ಐರಿಷ್ ಗಿರಣಿ ಕೆಲಸದವನು, ಆ 134 ಡಾಲರಿನ ಮಣ್ಣು ಇಲ್ಲದೆ ವೋಟು ಹಾಕಲು 1888ರವರೆಗೆ ಕಾಯಬೇಕಾಯಿತು. ನಗರಸಭೆಯ ಚುನಾವಣೆಗೆ ಆಸ್ತಿ ಇರಲೇಬೇಕು ಎಂಬ ನಿಯಮ ಹೋದದ್ದು 1928ರಲ್ಲಿ. ಅವರು ತಲೆ ಆಡಿಸಿ, 1928 ಅಂದರೆ ನಮ್ಮಪ್ಪ ಹುಟ್ಟಿದ ವರ್ಷ ಎಂದರು.